ಮಗು ಏನು ಹೇಳಬಹುದು: ಶಿಕ್ಷಕರು ಕೂಡಿ ಕುಳಿತು ಪ್ರಶ್ನೆ ರೂಪಿಸುವ ಬಗೆ

ತರಗತಿಯಲ್ಲಿ ದಿನವೂ ಕೇಳಿಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೇಳುವವರಿಗೆ ಮೊದಲೇ ಉತ್ತರ ಗೊತ್ತಿರುವ ಪ್ರಶ್ನೆಗಳು. ಶಿಕ್ಷಕರು ಕೇಳುತ್ತಾರೆ, ಒಂದು ಮಗು ಎದ್ದು ನಿಂತು ಹೇಳುತ್ತದೆ, ಶಿಕ್ಷಕರು ‘ಸರಿ, ಕೂತ್ಕೋ’ ಎಂದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಈ ಮೂರು ಹೆಜ್ಜೆಯ ಮಾತುಕತೆಯನ್ನು ಅಮೆರಿಕದ ಸಮಾಜವಿಜ್ಞಾನಿ ಹ್ಯೂ ಮೆಹನ್ 1979ರಲ್ಲಿ ಅಲ್ಲಿನ ತರಗತಿಗಳನ್ನು ಗಮನಿಸಿ ವಿವರವಾಗಿ ದಾಖಲಿಸಿದರು. ಕಾರವಾರದ ಬಂದರಿನ ಬಳಿಯ ಶಾಲೆಯಲ್ಲಾಗಲಿ, ಶಿರಸಿಯ ಅಡಿಕೆ ತೋಟಗಳ ನಡುವಿನ ಶಾಲೆಯಲ್ಲಾಗಲಿ ಇದನ್ನು ಕಾಣಲು ಸಂಶೋಧನೆಯೇನೂ ಬೇಕಿಲ್ಲ, ಜಗಲಿಯಲ್ಲಿ ಐದು ನಿಮಿಷ ನಿಂತರೆ ಸಾಕು. ಇಂಥ ಪ್ರಶ್ನೆಗಳು ವ್ಯರ್ಥವೂ ಅಲ್ಲ. ನಿನ್ನೆ ಕಲಿತದ್ದು ನೆನಪಿದೆಯೇ ಎಂದು ನೋಡಲು ಅವು ಬೇಕು. ಆದರೆ ಮಗು ತನಗೆ ಗೊತ್ತಿರುವುದನ್ನು ಮತ್ತೊಮ್ಮೆ ತಿರುವಿ ನೋಡಬೇಕು, ಎರಡು ವಿಷಯಗಳ ನಡುವಿನ ಸಂಬಂಧವನ್ನು ತಾನೇ ಹುಡುಕಬೇಕು, ತನ್ನ ಮಾತಿಗೆ ಆಧಾರ ಕೊಡಬೇಕು ಎಂದು ಬಯಸುವುದಾದರೆ ಆ ಕೆಲಸ ಇವುಗಳಿಂದ ಆಗುವುದಿಲ್ಲ.

ಹಾಗಾದರೆ ಯಾವ ಪ್ರಶ್ನೆಯಿಂದ ಆಗುತ್ತದೆ? ಶಿಕ್ಷಕರ ತರಬೇತಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ ‘ಏನು, ಯಾರು, ಯಾವಾಗ’ ಎಂಬುದರ ಬದಲಿಗೆ ‘ಏಕೆ, ಹೇಗೆ’ ಎಂದು ಕೇಳಿರಿ ಎನ್ನುವುದು. ಇದರ ಹಿಂದೆ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಮುಂದಿಟ್ಟ, 2001ರಲ್ಲಿ ಆ್ಯಂಡರ್ಸನ್ ಮತ್ತು ಕ್ರಾಥ್‌ವೋಲ್ ಅವರ ನೇತೃತ್ವದಲ್ಲಿ ಪರಿಷ್ಕೃತವಾದ, ಕಲಿಕೆಯ ಗುರಿಗಳನ್ನು ಸ್ಮರಣೆಯಿಂದ ಮೇಲಕ್ಕೆ ಹಂತಹಂತವಾಗಿ ವಿಂಗಡಿಸುವ ವರ್ಗೀಕರಣವಿದೆ. ನಮ್ಮ ಪ್ರಶ್ನೆಪತ್ರಿಕೆಗಳ ನೀಲನಕ್ಷೆಯಲ್ಲಿ ಸ್ಮರಣೆ, ತಿಳಿವಳಿಕೆ, ಅನ್ವಯ ಎಂದು ಅಂಕಗಳನ್ನು ಹಂಚುವುದು ಅದೇ ಮೂಲದಿಂದ ಬಂದ ರೂಢಿ. ವರ್ಗೀಕರಣ ಉಪಯುಕ್ತವೇ. ಆದರೆ ಪ್ರಶ್ನೆಯ ಮೊದಲ ಪದವನ್ನು ಬದಲಿಸಿದ ಮಾತ್ರಕ್ಕೆ ಯೋಚನೆ ಆಳವಾಗುತ್ತದೆ ಎಂಬ ನಂಬಿಕೆಗೆ ಅದು ಆಧಾರವಲ್ಲ. ‘ಆಕಾಶ ನೀಲಿಯಾಗಿ ಕಾಣುವುದೇಕೆ?’ ಎಂಬುದು ‘ಏಕೆ’ ಪ್ರಶ್ನೆಯೇ, ಆದರೂ ಗೈಡಿನಲ್ಲಿರುವ ಎರಡು ಸಾಲನ್ನು ಬಾಯಿಪಾಠ ಮಾಡಿದ ಮಗು ಒಂದು ಕ್ಷಣವೂ ಯೋಚಿಸದೆ ಅದಕ್ಕೆ ಪೂರ್ಣಾಂಕ ಗಿಟ್ಟಿಸುತ್ತದೆ. ಅದಕ್ಕೆ ವಿರುದ್ಧವಾಗಿ, ‘ಈ ಎರಡರಲ್ಲಿ ಯಾವುದು ದೊಡ್ಡದು?’ ಎಂಬ ಸರಳ ಪ್ರಶ್ನೆ, ಸರಿಯಾದ ಎರಡು ವಸ್ತುಗಳನ್ನು ಎದುರಿಗಿಟ್ಟು ಕೇಳಿದಾಗ, ಇಡೀ ತರಗತಿಯನ್ನು ಅರ್ಧ ಗಂಟೆ ವಾದಕ್ಕೆ ಹಚ್ಚಬಲ್ಲದು.

ಪ್ರಶ್ನೆಯ ಆಳ ಅದರ ಪದಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಅದಕ್ಕೆ ಬರಬಹುದಾದ ಉತ್ತರಗಳನ್ನು ಶಿಕ್ಷಕರು ಎಷ್ಟರ ಮಟ್ಟಿಗೆ ಮುಂಚಿತವಾಗಿ ಊಹಿಸಿದ್ದಾರೆ ಮತ್ತು ಒಂದೊಂದು ಉತ್ತರ ಬಂದಾಗ ಮುಂದೇನು ಕೇಳಬೇಕೆಂದು ಎಷ್ಟು ಸಿದ್ಧರಾಗಿದ್ದಾರೆ ಎಂಬುದರಲ್ಲಿ ಇದೆ. ಶಿಕ್ಷಕರು ಕೂಡಿ ಪಾಠ ಯೋಜಿಸಬೇಕು ಎಂಬುದಕ್ಕೆ ನಾನು ಕಾಣುವ ಮುಖ್ಯ ಕಾರಣವೂ ಇದೇ. ಕೆಲಸ ಹಂಚಿಕೊಳ್ಳುವುದು, ಚಟುವಟಿಕೆಗಳನ್ನು ವಿನಿಮಯ ಮಾಡಿಕೊಳ್ಳುವುದು, ಪರಸ್ಪರ ಹುರಿದುಂಬಿಸುವುದು ಎಲ್ಲವೂ ಒಳ್ಳೆಯದೇ, ಆದರೆ ಅವು ಎರಡನೆಯ ಸಾಲಿನ ಲಾಭಗಳು. ಒಬ್ಬ ಶಿಕ್ಷಕರು ಒಂಟಿಯಾಗಿ ಕುಳಿತು ತಮ್ಮ ಪ್ರಶ್ನೆಗೆ ಮಕ್ಕಳು ಕೊಡಬಹುದಾದ ಉತ್ತರಗಳನ್ನು ಬರೆಯಹೊರಟರೆ ಸಾಮಾನ್ಯವಾಗಿ ಎರಡು ಹೊಳೆಯುತ್ತವೆ: ಒಂದು ಸರಿಯಾದದ್ದು, ಇನ್ನೊಂದು ಪೂರ್ತಿ ತಪ್ಪಾದದ್ದು. ಮಕ್ಕಳ ನಿಜವಾದ ಯೋಚನೆ ಇರುವುದು ಇವೆರಡರ ನಡುವೆ, ಅರ್ಧ ಸರಿ ಅರ್ಧ ತಪ್ಪಿನ ಜಾಗದಲ್ಲಿ. ಅಲ್ಲಿಗೆ ತಲುಪಲು ಬೇರೆಯವರ ಅನುಭವ ಬೇಕಾಗುತ್ತದೆ.

ಇದನ್ನು ಒಂದು ಪಾಠದ ಮೂಲಕವೇ ನೋಡೋಣ. ಕುಮಟಾ ತಾಲೂಕಿನ ಒಂದು ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ) ಆರು, ಏಳನೆಯ ತರಗತಿಗಳಿಗೆ ವಿಜ್ಞಾನ ಹೇಳುವ ನಾಲ್ವರು ಶಿಕ್ಷಕರು ಕೂಡಿದ್ದಾರೆ ಎಂದುಕೊಳ್ಳೋಣ. ಪಾಠ ಮಿಶ್ರಣಗಳನ್ನು ಬೇರ್ಪಡಿಸುವುದು, ಅದರಲ್ಲಿ ಆವೀಕರಣ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ, ಅಲ್ಲಿಯ ಉಪ್ಪು ಸುತ್ತಲಿನ ಊರುಗಳ ಅಡುಗೆಮನೆಗೆ ಬರುತ್ತದೆ, ಬಸ್ಸಿನಲ್ಲಿ ಹೋಗುವ ಮಕ್ಕಳು ಬೇಸಿಗೆಯಲ್ಲಿ ಬಿಳಿ ರಾಶಿಗಳನ್ನು ನೋಡಿರುತ್ತಾರೆ. ಹೀಗಾಗಿ ‘ಸಮುದ್ರದ ನೀರಿನಿಂದ ಉಪ್ಪು ಹೇಗೆ ಸಿಗುತ್ತದೆ?’ ಎಂದು ಕೇಳಿದರೆ ‘ಬಿಸಿಲಿಗೆ ನೀರು ಆವಿಯಾಗಿ ಹೋಗಿ ಉಪ್ಪು ಉಳಿಯುತ್ತದೆ’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಶಿಕ್ಷಕರಿಗೆ ಪಾಠ ಮುಗಿಯಿತು ಎನ್ನಿಸುತ್ತದೆ. ನಾಲ್ವರಲ್ಲಿ ಮೂವರು ಇಷ್ಟಕ್ಕೆ ತೃಪ್ತರಾಗಿ ಮುಂದಿನ ಘಟಕಕ್ಕೆ ಹೋಗೋಣ ಎನ್ನುವಾಗ, ಒಬ್ಬ ಅಕ್ಕೋರು ಒಂದು ಅನುಮಾನ ಎತ್ತುತ್ತಾರೆ: ‘ಉಳಿಯುತ್ತದೆ ಎಂದು ಬಾಯಲ್ಲಿ ಹೇಳುವ ಮಕ್ಕಳೇ ಬಿಸಿಲಿನಿಂದ ಉಪ್ಪು ಆಗುತ್ತದೆ ಎಂದೂ ಹೇಳುತ್ತಾರಲ್ಲ ಮಾಸ್ತರೆ, ಅವರ ಮನಸ್ಸಿನಲ್ಲಿ ಉಪ್ಪು ಮೊದಲೇ ನೀರಿನಲ್ಲಿತ್ತೋ, ಬಿಸಿಲು ಹುಟ್ಟಿಸಿತೋ?’

ಇಲ್ಲಿಂದ ಯೋಜನೆ ನಿಜವಾಗಿ ಶುರುವಾಗುತ್ತದೆ. ಆ ಅನುಮಾನವನ್ನು ಬಯಲಿಗೆ ತರುವಂಥ ಪ್ರಶ್ನೆ ಯಾವುದು ಎಂದು ಅವರು ಹುಡುಕುತ್ತಾರೆ. ಹಲವು ಕರಡುಗಳ ನಂತರ ಸಿಗುವ ಪ್ರಶ್ನೆ ಹೀಗಿರಬಹುದು: ‘ಅಗಲವಾದ ಪಾತ್ರೆಯಲ್ಲಿ ಹತ್ತು ಲೀಟರ್ ಸಮುದ್ರದ ನೀರನ್ನು ಬಿಸಿಲಿಗೆ ಇಟ್ಟೆವು. ಕೆಲವು ದಿನಗಳಲ್ಲಿ ಅದು ಆರಿ ಐದು ಲೀಟರ್ ಆಯಿತು. ಪಾತ್ರೆಯಲ್ಲಿ ಉಪ್ಪಿನ ಒಂದು ಹರಳೂ ಕಾಣುತ್ತಿಲ್ಲ. ಈಗ ಉಪ್ಪು ಎಲ್ಲಿದೆ?’ ಬಾಯಿಪಾಠದ ಸಾಲು ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ನೀರು ಆವಿಯಾಗಿದೆ, ಆದರೆ ಉಪ್ಪು ‘ಉಳಿದ’ ಹಾಗೆ ಕಾಣುತ್ತಿಲ್ಲ. ಮಗು ತನ್ನ ಮನಸ್ಸಿನಲ್ಲಿರುವ ಚಿತ್ರವನ್ನು ಹೊರಗಿಡಲೇಬೇಕಾಗುತ್ತದೆ.

ಆಮೇಲೆ ಉತ್ತರಗಳ ಊಹೆ. ಕೆಲವರು ಉಪ್ಪು ಇನ್ನೂ ಆಗಿಲ್ಲ ಎನ್ನುತ್ತಾರೆ. ಕೆಲವರು ಅರ್ಧ ನೀರು ಹೋದ ಕಾರಣ ಅರ್ಧ ಉಪ್ಪೂ ಅದರ ಜೊತೆಗೆ ಮೇಲೆ ಹೋಯಿತು ಎನ್ನುತ್ತಾರೆ. ತಳಕ್ಕೆ ಇಳಿದು ಕೂತಿದೆ, ಕಣ್ಣಿಗೆ ಕಾಣುತ್ತಿಲ್ಲ ಎನ್ನುವವರು ಇನ್ನು ಕೆಲವರು. ಉಳಿದ ನೀರಿನಲ್ಲೇ ಎಲ್ಲ ಉಪ್ಪೂ ಇದೆ, ಆದ್ದರಿಂದ ಆ ನೀರು ಮೊದಲಿಗಿಂತ ಹೆಚ್ಚು ಉಪ್ಪಾಗಿದೆ ಎಂದು ಒಬ್ಬಿಬ್ಬರು ಹೇಳಬಹುದು. ಇವುಗಳಲ್ಲಿ ಕೊನೆಯದು ಮಾತ್ರ ಸರಿ ಎಂದು ಹೇಳಿ ಮುಗಿಸಿದರೆ ಹಳೆಯ ಮೂರು ಹೆಜ್ಜೆಗೇ ಮರಳಿದಂತಾಯಿತು. ಒಂದೊಂದು ಉತ್ತರಕ್ಕೂ ಅದನ್ನು ಹೇಳಿದ ಮಗುವೇ ತನ್ನ ಮಾತನ್ನು ಪರೀಕ್ಷಿಸಿಕೊಳ್ಳುವಂಥ ಮರುಪ್ರಶ್ನೆಯನ್ನು ಸಿದ್ಧಪಡಿಸುವುದು ಇಲ್ಲಿಯ ಕಸುಬು. ಉಪ್ಪು ಇನ್ನೂ ಆಗಿಲ್ಲ ಎಂದವರಿಗೆ, ಹಾಗಾದರೆ ಸಮುದ್ರದಲ್ಲಿ ಮುಳುಗೆದ್ದಾಗ ಬಾಯಿಗೆ ಉಪ್ಪೆನಿಸಿದ್ದು ಯಾವುದು ಎಂದು ಕೇಳಬಹುದು. ತಳದಲ್ಲಿದೆ ಎಂದವರಿಗೆ, ನೀರನ್ನು ಮೆಲ್ಲನೆ ಬೇರೆ ಪಾತ್ರೆಗೆ ಬಗ್ಗಿಸಿ ತಳವನ್ನು ತೋರಿಸಬಹುದು. ಹೆಚ್ಚು ಉಪ್ಪಾಗಿದೆ ಎಂದವರಿಗೆ, ನಾಲಿಗೆಗೆ ಮುಟ್ಟಿಸದೆ ಅದನ್ನು ಹೇಗೆ ತೋರಿಸುತ್ತೀಯ ಎಂದು ಕೇಳಿದರೆ ಮೊಟ್ಟೆಯ ಪ್ರಯೋಗಕ್ಕೆ ದಾರಿಯಾಗುತ್ತದೆ: ಸಮುದ್ರದ ನೀರಿನಲ್ಲಿ ಮುಳುಗುವ ತಾಜಾ ಮೊಟ್ಟೆ, ಆ ನೀರನ್ನು ಕಾಯಿಸಿ ಇಳಿಸುತ್ತ, ಪ್ರತಿಸಲವೂ ತಣಿಸಿ ನೋಡುತ್ತ ಹೋದಂತೆ ಒಂದು ಹಂತದಲ್ಲಿ ಮೇಲೆ ಬಂದು ತೇಲುತ್ತದೆ.

ಅರ್ಧ ಉಪ್ಪು ಆವಿಯ ಜೊತೆ ಹೋಯಿತು ಎಂಬ ಉತ್ತರ ಎಲ್ಲಕ್ಕಿಂತ ಸ್ವಾರಸ್ಯದ್ದು. ಅದಕ್ಕೆ ಮರುಪ್ರಶ್ನೆ ಸುಲಭವಾಗಿ ಹೊಳೆಯುತ್ತದೆ: ಹಾಗಿದ್ದರೆ ಮಳೆಯ ನೀರು ಉಪ್ಪಾಗಿರಬೇಕಿತ್ತಲ್ಲ? ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯ ಮಕ್ಕಳಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಆದರೆ ಕೂಡಿ ಯೋಜಿಸುವುದರ ಬೆಲೆ ತಿಳಿಯುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಾಲ್ವರಲ್ಲಿ ಮೀನುಗಾರರ ಕೇರಿಯಲ್ಲಿ ಹುಟ್ಟಿ ಬೆಳೆದ ಒಬ್ಬ ಮಾಸ್ತರು, ಇದಕ್ಕೂ ನಮ್ಮ ಮಕ್ಕಳ ಹತ್ತಿರ ಉತ್ತರವಿದೆ ಎನ್ನುತ್ತಾರೆ. ಕಡಲ ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತದೆ, ದೋಣಿಯಿಂದ ಇಳಿದವರ ಮುಖಕ್ಕೆ ಉಪ್ಪು ಮೆತ್ತಿರುತ್ತದೆ, ಗಾಳಿಯಲ್ಲಿ ಉಪ್ಪಿಲ್ಲದಿದ್ದರೆ ಇದು ಎಲ್ಲಿಂದ ಬಂತು ಎಂದು ಮಗು ಎದುರುತ್ತರ ಕೊಟ್ಟರೆ ಶಿಕ್ಷಕರು ಏನು ಹೇಳಬೇಕು? ಮಗುವಿನ ಸಾಕ್ಷಿ ಪೂರ್ತಿ ನಿಜ. ತೆರೆ ಒಡೆದಾಗ ಸಿಡಿಯುವ ಸಣ್ಣ ಹನಿಗಳನ್ನು ಗಾಳಿ ಹೊತ್ತೊಯ್ಯುತ್ತದೆ, ಆ ಹನಿಗಳೊಳಗೆ ಉಪ್ಪಿದೆ. ಹನಿ ಬೇರೆ, ಆವಿ ಬೇರೆ, ಈ ಭೇದವೇ ಆವೀಕರಣದ ಪಾಠದ ತಿರುಳು. ಇಷ್ಟು ಗಟ್ಟಿಯಾದ ವಾದವನ್ನು ತಯಾರಿಯಿಲ್ಲದ ಶಿಕ್ಷಕರು ‘ಅದೆಲ್ಲ ಬೇಡ, ಪಾಠದಲ್ಲಿ ಇರುವುದನ್ನು ಹೇಳು’ ಎಂದು ಬದಿಗೊತ್ತುವ ಸಂಭವವೇ ಹೆಚ್ಚು. ಮೊದಲೇ ಊಹಿಸಿದವರು ಅದಕ್ಕಾಗಿ ಕಾಯುತ್ತಿರುತ್ತಾರೆ.

ಲೆಕ್ಕವನ್ನೂ ಇದೇ ಪಾಠಕ್ಕೆ ಸೇರಿಸಬಹುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಒಂದು ಲೀಟರ್ ನೀರು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 360 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಹಾಗಾದರೆ ಹತ್ತು ಲೀಟರ್ ನೀರು ಎಷ್ಟಕ್ಕೆ ಇಳಿದಾಗ ಮೊದಲ ಹರಳು ಕಾಣಬಹುದು ಎಂದು ಕೇಳಿದರೆ, ಸರಿಸುಮಾರು ಒಂದು ಲೀಟರಿಗೆ ಎಂಬ ಉತ್ತರವನ್ನು ಏಳನೆಯ ತರಗತಿಯ ಮಕ್ಕಳು ಅನುಪಾತದ ಲೆಕ್ಕದಿಂದಲೇ ತಲುಪಬಹುದು. ಹತ್ತರಲ್ಲಿ ಒಂಬತ್ತು ಪಾಲು ನೀರು ಹೋಗುವವರೆಗೆ ಉಪ್ಪು ಮುಖ ತೋರಿಸುವುದಿಲ್ಲ ಎಂದು ತಿಳಿದ ಮೇಲೆ, ಆಗರದಲ್ಲಿ ನೀರನ್ನು ಆಳವಾಗಿ ನಿಲ್ಲಿಸದೆ ತೆಳ್ಳಗೆ ಹರಡುವುದು, ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಡುತ್ತ ಗಟ್ಟಿ ಮಾಡುವುದು, ಅಘನಾಶಿನಿಯ ಅಳಿವೆಯ ನೀರು ಮಳೆಗಾಲದಲ್ಲಿ ಸಪ್ಪೆಯಾಗುವುದರಿಂದ ಆ ಕೆಲಸಕ್ಕೆ ಒದಗದೆ ಹೋಗುವುದು, ಇವೆಲ್ಲ ಬಿಡಿಬಿಡಿ ಮಾಹಿತಿಗಳಾಗಿ ಉಳಿಯದೆ ಒಂದೇ ಕಾರಣದ ಎಳೆಯಲ್ಲಿ ಕೂಡಿಕೊಳ್ಳುತ್ತವೆ.

ಹೀಗೆ ಒಂದು ಪಾಠವನ್ನು ಹಲವರು ಕೂಡಿ ಕಟ್ಟಿ, ಒಬ್ಬರು ಕಲಿಸಿ, ಉಳಿದವರು ನೋಡಿ, ಮತ್ತೆ ಕೂತು ಚರ್ಚಿಸುವ ಪದ್ಧತಿ ಜಪಾನಿನಲ್ಲಿ ಬಹುಕಾಲದಿಂದ ಇದೆ. ಅಲ್ಲಿ ಅದನ್ನು ‘ಜುಗ್ಯೊ ಕೆನ್‌ಕ್ಯೂ’ ಎನ್ನುತ್ತಾರೆ, ಕನ್ನಡದಲ್ಲಿ ಪಾಠ ಅಧ್ಯಯನ ಎನ್ನಬಹುದು. ಅದರ ಬೇರು 19ನೆಯ ಶತಮಾನದ ಕೊನೆಯ ಮೇಜಿ ಕಾಲದವರೆಗೆ ಹೋಗುತ್ತದೆ. 1990ರ ದಶಕದಲ್ಲಿ ಜಪಾನ್, ಜರ್ಮನಿ ಮತ್ತು ಅಮೆರಿಕದ ಎಂಟನೆಯ ತರಗತಿಯ ಗಣಿತ ಪಾಠಗಳನ್ನು ವಿಡಿಯೊ ಮಾಡಿ ಹೋಲಿಸಿದ ಅಧ್ಯಯನದ ನಂತರ, ಅಮೆರಿಕದ ಸಂಶೋಧಕರಾದ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ 1999ರಲ್ಲಿ ಇದರ ಬಗ್ಗೆ ಬರೆದು ಹೊರಜಗತ್ತಿಗೆ ಪರಿಚಯಿಸಿದರು. ಜಪಾನಿನ ಇಂಥ ಪಾಠಯೋಜನೆಯಲ್ಲಿ ಶಿಕ್ಷಕರ ಪ್ರಶ್ನೆಗಳ ಪಕ್ಕದಲ್ಲೇ ಮಕ್ಕಳಿಂದ ನಿರೀಕ್ಷಿಸುವ ಉತ್ತರಗಳಿಗೆ ಪ್ರತ್ಯೇಕ ಅಂಕಣವಿರುತ್ತದೆ. ಪಾಠದ ತಿರುವಿಗೆ ಕಾರಣವಾಗುವ ಒಂದು ಪ್ರಧಾನ ಪ್ರಶ್ನೆಯನ್ನು ‘ಹತ್ಸುಮೊನ್’ ಎಂದು ಕರೆದು ಅದರ ಪದಪದವನ್ನೂ ತೂಗಿ ನೋಡುತ್ತಾರೆ. ಕಪ್ಪುಹಲಗೆಯ ಮೇಲೆ ಯಾವ ಉತ್ತರವನ್ನು ಎಲ್ಲಿ ಬರೆಯಬೇಕು, ತರಗತಿ ಮುಗಿಯುವ ಹೊತ್ತಿಗೆ ಹಲಗೆ ಹೇಗೆ ಕಾಣಬೇಕು ಎಂಬುದನ್ನೂ ಮೊದಲೇ ಯೋಜಿಸುತ್ತಾರೆ. ನಮ್ಮಲ್ಲಿ ಹಲಗೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಒರೆಸುವ ರೂಢಿಯಿರುವುದರಿಂದ ಮಕ್ಕಳ ಮೊದಲ ಉತ್ತರಗಳು ಕೊನೆಯವರೆಗೆ ಉಳಿಯುವುದೇ ಇಲ್ಲ. ಖರ್ಚಿಲ್ಲದೆ ಎರವಲು ತರಬಹುದಾದ ಸಂಗತಿ ಇದು.

ಈ ಪದ್ಧತಿಯಲ್ಲಿ ನೋಡುವವರು ನೋಡಬೇಕಾದದ್ದು ಮಕ್ಕಳನ್ನು, ಶಿಕ್ಷಕರನ್ನಲ್ಲ. ನಮ್ಮ ವ್ಯವಸ್ಥೆಯಲ್ಲಿ ತರಗತಿಯ ಹಿಂದೆ ಹೊರಗಿನವರೊಬ್ಬರು ಬಂದು ಕೂತರೆಂದರೆ ಅದು ತಪಾಸಣೆ. ಶಿಕ್ಷಕರ ಧ್ವನಿ, ಪಾಠೋಪಕರಣ, ದಾಖಲೆ ಪುಸ್ತಕಗಳ ಮೇಲೆ ಅವರ ಕಣ್ಣಿರುತ್ತದೆ. ಪಾಠ ಅಧ್ಯಯನದಲ್ಲಿ ನೋಡುಗರು ಒಬ್ಬೊಬ್ಬರೂ ಎರಡು ಮೂರು ಮಕ್ಕಳ ಪಕ್ಕದಲ್ಲಿ ಕುಳಿತು ಅವರು ಏನು ಬರೆದರು, ಏನನ್ನು ಅಳಿಸಿದರು, ಪಕ್ಕದ ಮಗುವಿಗೆ ಪಿಸುಮಾತಿನಲ್ಲಿ ಏನೆಂದರು ಎಂಬುದನ್ನು ಗುರುತು ಹಾಕಿಕೊಳ್ಳುತ್ತಾರೆ. ನಂತರದ ಚರ್ಚೆಯಲ್ಲಿ ಮಾತಾಗುವುದು ‘ನಾವು ಕೂಡಿ ಕಟ್ಟಿದ ಪಾಠ’ದ ಬಗ್ಗೆ, ಕಲಿಸಿದ ಒಬ್ಬರ ಬಗ್ಗೆ ಅಲ್ಲ. ಈ ಒಪ್ಪಂದ ಮೊದಲೇ ಆಗದಿದ್ದರೆ ಯಾವ ಶಿಕ್ಷಕರೂ ತಮ್ಮ ಬಾಗಿಲು ತೆರೆಯುವುದಿಲ್ಲ, ತೆರೆದರೂ ಆ ದಿನಕ್ಕೆ ಪೂರ್ವಾಭ್ಯಾಸ ಮಾಡಿಸಿದ ನಾಟಕವೊಂದು ನಡೆಯುತ್ತದೆ.

ಉತ್ತರ ಕನ್ನಡದಲ್ಲಿ ಕೂಡಿ ಯೋಜಿಸುವುದಕ್ಕೆ ಇನ್ನೊಂದು ಕಾರಣ ಭಾಷೆ. ಒಂದೇ ಜಿಲ್ಲೆಯಲ್ಲಿ ಕಾರವಾರದ ಮಗು ಮನೆಯಲ್ಲಿ ಕೊಂಕಣಿ ಆಡುತ್ತದೆ, ಭಟ್ಕಳದ ಮಗು ನವಾಯತಿ, ಅಂಕೋಲೆಯ ಮಗು ಹಾಲಕ್ಕಿ ಕನ್ನಡ, ಶಿರಸಿ ಸಿದ್ದಾಪುರದ ಮಗು ಹವ್ಯಕ ಕನ್ನಡ, ಹಳಿಯಾಳದ ಮಗು ಮರಾಠಿ ಆಡುವುದುಂಟು, ಜೋಯಿಡಾದ ಕುಣಬಿ ಮಕ್ಕಳ ಕೊಂಕಣಿ ಮತ್ತೆ ಬೇರೆ ಬಗೆಯದು. ಪಾಠಪುಸ್ತಕದ ಕನ್ನಡ ಇವರಲ್ಲಿ ಬಹುತೇಕರಿಗೆ ಶಾಲೆಯಲ್ಲಿ ಕಲಿತ ಕನ್ನಡ. ಬಯಲುಸೀಮೆಯಿಂದ ವರ್ಗವಾಗಿ ಬಂದ ಶಿಕ್ಷಕರಿಗೆ ವಿಷಯಜ್ಞಾನ ಎಷ್ಟೇ ಇದ್ದರೂ, ಭರತ, ಇಳಿತ, ಗಜನಿ (ಅಳಿವೆಯ ಉಪ್ಪುನೀರು ನುಗ್ಗುವ ಗದ್ದೆ), ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಎಂಬ ಮಾತುಗಳು ಮಗುವಿನ ಬಾಯಲ್ಲಿ ಬಂದಾಗ ಅವು ಉತ್ತರವೇ ಎಂದು ತಿಳಿಯದೆ ಹೋಗಬಹುದು. ನಾಳೆ ಭರತ ಬರುವುದು ಇವತ್ತಿಗಿಂತ ಮುಕ್ಕಾಲು ಗಂಟೆಗೂ ತುಸು ತಡವಾಗಿ ಎಂದು ಮೀನುಗಾರರ ಮನೆಯ ಮಗುವಿಗೆ ಗೊತ್ತಿರುತ್ತದೆ. ಚಂದ್ರನ ಚಲನೆಯ ಪಾಠದಲ್ಲಿ ‘ದಿನಕ್ಕೆ ಸುಮಾರು 50 ನಿಮಿಷ’ ಎಂದು ಓದಿಸುವ ಶಿಕ್ಷಕರಿಗೆ ಆ ಮಗು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದೆ ಎಂದು ಹೊಳೆಯಬೇಕಲ್ಲ. ಊರಿನವರೊಬ್ಬರು, ಹೊರಗಿನಿಂದ ಬಂದವರೊಬ್ಬರು ಯೋಜನೆಯ ಮೇಜಿಗೆ ಜೊತೆಯಾಗಿ ಕೂತಾಗ ಇಬ್ಬರ ಕುರುಡುಜಾಗಗಳೂ ಕಡಿಮೆಯಾಗುತ್ತವೆ. ಊರಿನವರಿಗೂ ಕುರುಡುಜಾಗ ಉಂಟು. ತಮಗೆ ಬಾಲ್ಯದಿಂದ ಗೊತ್ತಿರುವುದನ್ನು ಯಾರೂ ‘ಏಕೆ’ ಎಂದು ಕೇಳಬಹುದೆಂಬುದೇ ಅವರಿಗೆ ತೋರುವುದಿಲ್ಲ. ಆ ಪ್ರಶ್ನೆಯನ್ನು ವಿಜಯಪುರದಿಂದ ಬಂದ ಸಹೋದ್ಯೋಗಿ ಎತ್ತುತ್ತಾರೆ.

ವಿಜ್ಞಾನವಲ್ಲದ ವಿಷಯಗಳಲ್ಲಿಯೂ ದಾರಿ ಇದೇ, ಆದರೆ ಪ್ರಶ್ನೆಯ ಗುಣ ಬೇರೆಯಾಗುತ್ತದೆ. ಗಣಿತದಲ್ಲಿ ಸುತ್ತಳತೆ ಮತ್ತು ವಿಸ್ತೀರ್ಣವನ್ನು ಮಕ್ಕಳು ಕಲಸಿಕೊಳ್ಳುವುದು ಎಲ್ಲರಿಗೂ ತಿಳಿದದ್ದು. ಉದ್ದ, ಅಗಲ ಕೊಟ್ಟು ವಿಸ್ತೀರ್ಣ ಕೇಳುವ ಬದಲು, ತೋಟಕ್ಕೆ ಹಾಕಲು 40 ಮೀಟರ್ ಬೇಲಿ ಇದೆ, ಆಯತದ ಆಕಾರದಲ್ಲಿ ಎಷ್ಟು ಬಗೆಯಾಗಿ ಹಾಕಬಹುದು, ಎಲ್ಲದರೊಳಗೂ ಒಂದೇ ಅಳತೆಯ ಜಾಗ ಸಿಗುತ್ತದೆಯೇ ಎಂದು ಕೇಳಬಹುದು. ಬೇಲಿ ಅಷ್ಟೇ ಇರುವಾಗ ಜಾಗವೂ ಅಷ್ಟೇ ಎಂದು ಹೆಚ್ಚಿನವರು ಹೇಳುತ್ತಾರೆ ಎಂಬ ಊಹೆಯ ಮೇಲೆ ಈ ಪ್ರಶ್ನೆ ನಿಂತಿದೆ. 10ಕ್ಕೆ 10 ಇಟ್ಟರೆ ನೂರು ಚದರ ಮೀಟರ್, 15ಕ್ಕೆ 5 ಇಟ್ಟರೆ ಎಪ್ಪತ್ತೈದು, 19ಕ್ಕೆ 1 ಇಟ್ಟರೆ ಬರಿಯ ಹತ್ತೊಂಬತ್ತು ಎಂದು ತಾವೇ ಬರೆದುಕೊಂಡ ಮಕ್ಕಳಿಗೆ ಎರಡು ಅಳತೆಗಳ ವ್ಯತ್ಯಾಸವನ್ನು ಮತ್ತೆ ವಿವರಿಸುವ ಅಗತ್ಯ ಬೀಳುವುದು ಕಡಿಮೆ.

ಇತಿಹಾಸದಲ್ಲಿ ಊಹೆ ಹೆಚ್ಚು ಕಷ್ಟ. 1930ರ ಏಪ್ರಿಲಿನಲ್ಲಿ, ಗಾಂಧೀಜಿ ದಾಂಡಿಯಲ್ಲಿ ಉಪ್ಪಿನ ಕಾಯಿದೆ ಮುರಿದ ಕೆಲವೇ ದಿನಗಳಲ್ಲಿ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲೆ, ಸಿದ್ದಾಪುರ ಭಾಗದ ರೈತರು ಕರನಿರಾಕರಣೆ ಚಳವಳಿಯಲ್ಲಿ ಭೂಮಿ ಕಳೆದುಕೊಂಡು ಜೈಲಿಗೆ ಹೋದರು. ‘ಯಾವಾಗ, ಯಾರ ನೇತೃತ್ವದಲ್ಲಿ’ ಎಂಬ ಪ್ರಶ್ನೆಗಳನ್ನು ಕೇಳಿ ಮುಗಿಸುವುದು ರೂಢಿ. ‘ಕಡಲ ಪಕ್ಕದಲ್ಲೇ ಇರುವ ಜನ ಕಡಲ ನೀರಿನಿಂದ ಉಪ್ಪು ಮಾಡಿಕೊಳ್ಳುವುದು ಅಪರಾಧವಾದದ್ದು ಹೇಗೆ? ಅದರಿಂದ ಯಾರಿಗೆ ಏನು ಲಾಭವಿತ್ತು?’ ಎಂದು ಕೇಳಿದರೆ ತೆರಿಗೆ, ಏಕಸ್ವಾಮ್ಯ, ಕಾಯಿದೆ ಮತ್ತು ನ್ಯಾಯದ ನಡುವಿನ ಅಂತರ, ಇವೆಲ್ಲ ಚರ್ಚೆಗೆ ಬರುತ್ತವೆ. ಆದರೆ ಇಲ್ಲೊಂದು ಎಚ್ಚರ ಬೇಕು. ‘ಬ್ರಿಟಿಷರು ಕೆಟ್ಟವರು, ಅದಕ್ಕೆ’ ಎಂಬ ಉತ್ತರ ಖಂಡಿತ ಬರುತ್ತದೆ, ಮಗು ಅದನ್ನು ಹೇಳಿದ ಕೂಡಲೇ ಚರ್ಚೆ ಮುಗಿದಂತೆಯೂ ತೋರುತ್ತದೆ. ಆಗ ‘ಕಾಯಿದೆ ಮಾಡಿದವರಿಗೆ ಉಪ್ಪೇ ಏಕೆ ಬೇಕಾಯಿತು, ಬೇರೆ ವಸ್ತುವಿನ ಮೇಲೆ ತೆರಿಗೆ ಹಾಕಬಹುದಿತ್ತಲ್ಲ’ ಎಂಬ ಮರುಪ್ರಶ್ನೆ ಕೈಯಲ್ಲಿರಬೇಕು. ಬಡವ, ಬಲ್ಲಿದ ಇಬ್ಬರೂ ಬಿಡಲಾಗದ ವಸ್ತು ಅದು ಎಂಬಲ್ಲಿಗೆ ಮಕ್ಕಳು ಆಗ ತಾವಾಗಿ ಬರುತ್ತಾರೆ.

ಎಷ್ಟೇ ಚೆನ್ನಾಗಿ ರೂಪಿಸಿದ ಪ್ರಶ್ನೆಯನ್ನೂ ಕೊಲ್ಲಬಲ್ಲ ಅಭ್ಯಾಸವೊಂದಿದೆ, ಅದು ಅವಸರ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಅದುವರೆಗೆ ಮಾತನಾಡದಿದ್ದ ಮಕ್ಕಳು ಬಾಯಿ ತೆರೆದರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಮಗು ಉತ್ತರ ಕೊಟ್ಟ ಮೇಲೂ ಶಿಕ್ಷಕರು ತಕ್ಷಣ ಪ್ರತಿಕ್ರಿಯಿಸದೆ ಅಷ್ಟೇ ಕಾಯುವುದು ಇನ್ನೂ ಮುಖ್ಯ ಎಂಬುದು ಅವರ ಇನ್ನೊಂದು ಕಾಣ್ಕೆ. ಮೂರು ಸೆಕೆಂಡು ಕಾಯುವುದು ಕೇಳಲು ಸುಲಭ, ನಲವತ್ತು ಮಕ್ಕಳ ಎದುರು ನಿಂತವರಿಗೆ ಅದು ಬಹಳ ದೀರ್ಘ. ಮನೆಯ ಮಾತಿನಲ್ಲಿ ಯೋಚಿಸಿ ಶಾಲೆಯ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕಾದ ಮಗುವಿಗಾದರೆ ಮೂರು ಸೆಕೆಂಡೂ ಸಾಲದು ಎಂಬುದು ನನ್ನ ಅಭಿಪ್ರಾಯ. ಮೊದಲು ಪಕ್ಕದವರೊಡನೆ ಯಾವ ಮಾತಿನಲ್ಲಾದರೂ ಮಾತನಾಡಿಕೊಂಡು ಆಮೇಲೆ ತರಗತಿಗೆ ಹೇಳಲು ಬಿಡುವುದು ಅಂಥ ಕಡೆ ಹೆಚ್ಚು ಫಲ ಕೊಡುತ್ತದೆ.

ಕೂಡಿ ಯೋಜಿಸಲು ಸಮಯ ಎಲ್ಲಿದೆ ಎಂಬ ಪ್ರಶ್ನೆಯನ್ನು ಶಿಕ್ಷಕರು ಕೇಳಿದರೆ ಅದು ನೆವವಲ್ಲ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಹತ್ತು ಹದಿನೈದು ಮಕ್ಕಳ, ಒಬ್ಬರೋ ಇಬ್ಬರೋ ಶಿಕ್ಷಕರ ಶಾಲೆಗಳು ಹಲವು. ಅಲ್ಲಿ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳು ನಡೆಯುತ್ತವೆ, ಕೂಡಿ ಯೋಜಿಸಲು ಇನ್ನೊಬ್ಬರೇ ಇರುವುದಿಲ್ಲ. ಬಿಸಿಯೂಟದ ಲೆಕ್ಕ, ದಾಖಲೆ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲವೂ ಅವರ ತಲೆಯ ಮೇಲೆಯೇ. ಹೊಸ ವ್ಯವಸ್ಥೆಯೊಂದನ್ನು ಕಟ್ಟುವುದಕ್ಕಿಂತ ಇರುವ ಕ್ಲಸ್ಟರಿನ ಸಮಾಲೋಚನಾ ಸಭೆಯನ್ನೇ ಇದಕ್ಕೆ ಬಳಸುವುದು ಹೆಚ್ಚು ಸಾಧ್ಯ. ಸಭೆಯ ಬಹುಪಾಲು ಸುತ್ತೋಲೆ ಓದುವುದರಲ್ಲಿ, ಅಂಕಿಅಂಶ ಒಪ್ಪಿಸುವುದರಲ್ಲಿ ಕಳೆಯುತ್ತದೆ ಎಂಬ ದೂರು ಹಳೆಯದು. ಆ ಕೆಲಸ ವಾಟ್ಸ್ಆ್ಯಪಿನಲ್ಲಿ ಆಗಲಾರದ್ದೇನಲ್ಲ. ಎದುರುಬದುರು ಕೂತು ಮಾತ್ರ ಮಾಡಲಾಗುವ ಕೆಲಸಕ್ಕೆ ಎದುರುಬದುರಿನ ಸಮಯವನ್ನು ಉಳಿಸಿಕೊಳ್ಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯ ಅವಕಾಶ ಇರಬೇಕೆಂದು ಹೇಳುತ್ತದೆ. ಆ 50 ಗಂಟೆ ಭಾಷಣ ಕೇಳುವುದಕ್ಕೇ ಹೋಗಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಕಾರವಾರ ಮತ್ತು ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಾಗಿರುವ ಇಲ್ಲಿ, ಒಂದು ಕ್ಲಸ್ಟರಿನ ಶಿಕ್ಷಕರು ವರ್ಷಕ್ಕೆ ಮೂರು ಅಥವಾ ನಾಲ್ಕು ಪಾಠಗಳನ್ನು ಮಾತ್ರ ಹೀಗೆ ಆಳವಾಗಿ ಕಟ್ಟಿದರೆ ಸಾಕು. ಎಲ್ಲ ಪಾಠಗಳನ್ನೂ ಹೀಗೆ ಮಾಡಹೊರಟರೆ ಒಂದನ್ನೂ ಮಾಡಲಾಗುವುದಿಲ್ಲ. ಯಾವ ಪಾಠ ಎಂಬ ಆಯ್ಕೆಗೂ ಒಂದು ಸುಲಭ ಮಾನದಂಡವಿದೆ: ಪ್ರತಿವರ್ಷ ಕಲಿಸಿದರೂ ಪ್ರತಿವರ್ಷ ಮಕ್ಕಳು ಎಡವುವ ಪಾಠ.

ಸಭೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಪಾಠವನ್ನು ಶಿಕ್ಷಕರು ತಾವೇ ವಿದ್ಯಾರ್ಥಿಗಳಾಗಿ ಓದುವುದು. ಇದನ್ನು ಹೇಳಲು ಸಂಕೋಚವಾದರೂ, ಆಳವಾದ ಪ್ರಶ್ನೆ ಹುಟ್ಟದಿರುವುದಕ್ಕೆ ಹಲವು ಸಲ ಕಾರಣ ವಿಷಯ ನಮಗೇ ಗಟ್ಟಿಯಾಗಿಲ್ಲದಿರುವುದು. ಆವಿ ಮತ್ತು ಹನಿಯ ವ್ಯತ್ಯಾಸ ತಮಗೆ ಸ್ಪಷ್ಟವಿಲ್ಲದವರು ಮಗುವಿನ ಎದುರುತ್ತರಕ್ಕೆ ಹೆದರುತ್ತಾರೆ, ಹೆದರಿದವರು ಒಂದೇ ಉತ್ತರವಿರುವ ಮುಚ್ಚಿದ ಪ್ರಶ್ನೆಗಳನ್ನೇ ಕೇಳುತ್ತಾರೆ. ಗೊತ್ತಿಲ್ಲ ಎಂದು ಸಹೋದ್ಯೋಗಿಗಳ ಮುಂದೆ ಹೇಳಬಲ್ಲ ವಾತಾವರಣ ಹಿರಿಯ ಶಿಕ್ಷಕರಿಂದಲೇ ಆರಂಭವಾಗಬೇಕು. ಹೊಸಬರು ಅದನ್ನು ಮೊದಲು ಹೇಳಲಾರರು. ಆಮೇಲೆ ಹಿಂದಿನ ವರ್ಷದ ಘಟಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಂದು ಹರಡಿಕೊಳ್ಳಬಹುದು. ತಪ್ಪು ಉತ್ತರಗಳನ್ನು ಅಂಕ ಕಳೆಯಲು ಓದುವುದನ್ನು ಬಿಟ್ಟು, ಹೀಗೆ ಬರೆಯಲು ಮಗು ಹೇಗೆ ಯೋಚಿಸಿರಬೇಕು ಎಂದು ಓದಿದರೆ ಊಹೆಯ ಪಟ್ಟಿ ಅರ್ಧ ಸಿದ್ಧವಾದಂತೆಯೇ. ಚಟುವಟಿಕೆ, ಪಾಠೋಪಕರಣಗಳ ಮಾತು ಕೊನೆಗೆ ಬಂದರೆ ಸಾಕು.

ಪಾಠ ಮುಗಿದ ಮೇಲೆ ಉಳಿಯಬೇಕಾದದ್ದು ಒಂದು ದಾಖಲೆ. ಈಗ ಬರೆಯುವ ಪಾಠ ಟಿಪ್ಪಣಿ ಬಹುಮಟ್ಟಿಗೆ ಮೇಲಧಿಕಾರಿಗಳ ಸಹಿಗಾಗಿ ಬರೆಯುವಂಥದ್ದು, ಹೋದ ವರ್ಷದ್ದನ್ನು ನೋಡಿ ನಕಲು ಮಾಡಿದರೂ ಯಾರಿಗೂ ತಿಳಿಯುವುದಿಲ್ಲ. ಅದರಲ್ಲಿ ಎರಡು ಅಂಕಣ ಹೆಚ್ಚಿಸಿ, ಒಂದರಲ್ಲಿ ನಾವು ಊಹಿಸಿದ ಉತ್ತರಗಳು, ಇನ್ನೊಂದರಲ್ಲಿ ತರಗತಿಯಲ್ಲಿ ನಿಜಕ್ಕೂ ಬಂದ ಉತ್ತರಗಳು ಎಂದು ಬರೆದಿಟ್ಟರೆ, ಆ ಪುಟ ಇನ್ನೊಂದು ಶಾಲೆಯ ಶಿಕ್ಷಕರಿಗೆ ಉಪಯೋಗಕ್ಕೆ ಬರುತ್ತದೆ. ಎರಡನೆಯ ಅಂಕಣವನ್ನು ಮಕ್ಕಳ ಮಾತಿನಲ್ಲಿಯೇ, ಕೊಂಕಣಿಯಾಗಲಿ ಹಾಲಕ್ಕಿ ಕನ್ನಡವಾಗಲಿ, ತಿದ್ದದೆ ಬರೆಯುವುದು ಒಳ್ಳೆಯದು. ಊಹೆಗೂ ವಾಸ್ತವಕ್ಕೂ ಅಂತರ ಎಲ್ಲಿ ಹೆಚ್ಚಿದೆಯೋ ಅಲ್ಲಿ ಮುಂದಿನ ಸಭೆಯಲ್ಲಿ ಪ್ರಶ್ನೆಯನ್ನು ತಿದ್ದಬೇಕು. ತಿದ್ದಿದ ಪಾಠವನ್ನು ಅದೇ ಕ್ಲಸ್ಟರಿನ ಬೇರೊಂದು ಶಾಲೆಯಲ್ಲಿ, ಬೇರೊಬ್ಬರು, ಸಾಧ್ಯವಾದರೆ ಅದೇ ತಿಂಗಳಲ್ಲಿ ಕಲಿಸಿ ನೋಡಬೇಕು. ಕರಾವಳಿಯ ತರಗತಿಯಲ್ಲಿ ಬಂದ ಕಡಲ ಗಾಳಿಯ ವಾದ ಯಲ್ಲಾಪುರದ ಕಾಡಿನ ನಡುವಿನ ಶಾಲೆಯಲ್ಲಿ ಬರಲಾರದು, ಅಲ್ಲಿಯ ಮಕ್ಕಳು ಉಪ್ಪಿನ ಬದಲು ಒಲೆಯ ಮೇಲೆ ಕುದಿದು ಇಳಿಯುವ ಜೋನಿಬೆಲ್ಲದಿಂದ ವಾದ ಹೂಡಬಹುದು, ಆದ್ದರಿಂದ ಪ್ರತಿ ಶಾಲೆಯ ಉತ್ತರಗಳ ಅಂಕಣ ಬೇರೆಯಾಗಿಯೇ ಇರುತ್ತದೆ.